ಕೊಬ್ಬರಿ ಕಂಡಿತು, ಬಳೆ ಕಾಣಲಿಲ್ಲ

ಸಂಪಾದಕರಿಗೆ ನಮಸ್ಕಾರ.

ವಿದೇಶದಿಂದ ಬರುವವರ ಬ್ಯಾಗೇಜ್ ನಿಯಮ 2026ರ ಫೆಬ್ರವರಿ 2ರಿಂದ ಬದಲಾಯಿತಲ್ಲ, ಆಗಿನಿಂದ ನಮ್ಮ ಬೀದಿಯಲ್ಲಿ ಒಂದೇ ಮಾತು: ‘ಹೆಂಗಸರಿಗೆ 40 ಗ್ರಾಂ ಚಿನ್ನ ಫ್ರೀ ಅಂತೆ.’ ಫ್ರೀ ಅಂದರೆ ಸುಂಕ ಕಟ್ಟದೆ ತರಬಹುದು ಅಂತ. ಇದು ಅರ್ಧ ಮಾತು. ಉಳಿದರ್ಧ ಗೊತ್ತಿಲ್ಲದೆ ನಾನು ಪಟ್ಟ ಪಾಡು ಹೇಳೋಣ ಅಂತ ಈ ಪತ್ರ.

ಹೋದ ವರ್ಷ ಕಿರಿ ಮಗಳ ಬಾಣಂತನಕ್ಕೆ ಮಸ್ಕತ್‌ಗೆ ಹೋಗಿದ್ದೆ. ಮೂರು ತಿಂಗಳು ಇದ್ದೆ. ಬಾಣಂತಿಗೆ ಅಂಟಿನುಂಡೆ ಮಾಡಿಕೊಡಬೇಕಲ್ಲ, ನಮ್ಮ ತೋಟದ್ದೇ ಎಂಟು ಉಂಡೆ ಕೊಬ್ಬರಿ ಬ್ಯಾಗಿಗೆ ಹಾಕಿಕೊಂಡಿದ್ದೆ. ಹೊರಡುವ ದಿನ ವಿಮಾನ ನಿಲ್ದಾಣದಲ್ಲಿ ಬ್ಯಾಗ್ ಬಿಚ್ಚಿಸಿದರು. ಒಣ ಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ, ಬೆಂಕಿ ಹಿಡಿಯುತ್ತೆ, ಇದನ್ನು ಲಗೇಜಿಗೆ ಹಾಕುವಂತಿಲ್ಲ ಎಂದರು. ಎಂಟನ್ನೂ ಎಣಿಸಿ ತೆಗೆದಿಟ್ಟರು. ಸರಿ, ಅವರ ನಿಯಮ. ಆದರೆ ಆ ಕೊಬ್ಬರಿಯನ್ನು ಎತ್ತಿ ಕೊಟ್ಟದ್ದು ನಾನೇ. ಆ ಕೈಯಲ್ಲೇ ಚಿನ್ನದ ಬಳೆಗಳಿದ್ದವು. ಅವುಗಳ ಬಗ್ಗೆ ಯಾರೂ ಒಂದು ಮಾತು ಆಡಲಿಲ್ಲ.

ವಾಪಸ್ ಬಂದಾಗ ಹಸಿರು ದಾರಿಯಲ್ಲಿ ಹೊರಟೆ. ಸುಂಕ ಕಟ್ಟುವಂಥದ್ದು ಏನೂ ಇಲ್ಲದವರು ಹೋಗುವ ದಾರಿ ಅದು. ಬ್ಯಾಗಲ್ಲಿ ಇದ್ದದ್ದು ಖರ್ಜೂರ, ಬಾದಾಮಿ, ಮೊಮ್ಮಕ್ಕಳಿಗೆ ಚಾಕೊಲೇಟು. ಅಧಿಕಾರಿ ಹುಡುಗಿಯ ಕಣ್ಣು ಮಾತ್ರ ನನ್ನ ಕೈ ಮೇಲೆ.

‘ಅಮ್ಮ, ಇವು ಎಷ್ಟು ಗ್ರಾಂ? ಅಲ್ಲಿ ತಗೊಂಡಿದ್ದಾ? ಬಿಲ್ ಇದೆಯಾ?’

1984ರಲ್ಲಿ ನನ್ನ ಮದುವೆಗೆ ಅಂತ ಅಪ್ಪ ಅರಸೀಕೆರೆಯ ಅಕ್ಕಸಾಲಿಗರ ಹತ್ತಿರ ಮಾಡಿಸಿದ ಬಳೆಗಳು. ನಾಲ್ಕು ಬಳೆ, ನಾಲ್ಕು ತೊಲ. ಯಾವ ಬಿಲ್ ತರಲಿ ನಾನು?

ಬೆಂಚಿನ ಮೇಲೆ ಒಂದೂವರೆ ಗಂಟೆ ಕೂತೆ. ಬಳೆ ಬಿಚ್ಚಿ ತೋರಿಸಿ ಎಂದರು. ನಲವತ್ತು ವರ್ಷದಲ್ಲಿ ಕೈ ದಪ್ಪ ಆಗಿದೆ, ಬಳೆ ಅಷ್ಟೇ ಇದೆ. ಸೋಪಿನ ನೀರು ಹಚ್ಚಿ, ಗಿಣ್ಣು ಕೆಂಪಾಗುವಷ್ಟು ಎಳೆದು ಒಂದನ್ನು ತೆಗೆದದ್ದಾಯಿತು. ಅದರ ಒಂದು ಮಗ್ಗುಲು ತಗ್ಗಿದೆ, ಒರಳುಕಲ್ಲಿಗೆ ಬಡಿದು ಬಡಿದು. ಕೆತ್ತನೆ ಸವೆದು ಹೂವು ಯಾವುದು ಎಲೆ ಯಾವುದು ತಿಳಿಯುವುದಿಲ್ಲ. ಆ ಹುಡುಗಿ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು. ಅಷ್ಟರಲ್ಲಿ ಮಗಳು ವಾಟ್ಸಾಪಲ್ಲಿ ತನ್ನ ಮದುವೆಯ ಫೋಟೋ ಕಳಿಸಿದಳು. ಧಾರೆ ಎರೆಯುತ್ತಿರುವ ನನ್ನ ಕೈಯಲ್ಲಿ ಇದೇ ನಾಲ್ಕು. ‘ಹೊಸ ಬಳೆ ಹೀಗಿರಲ್ಲ ಬಿಡಿ’ ಅಂತ ಬಿಟ್ಟರು. ಅತ್ತೆ ಆವತ್ತು ತಗ್ಗು ಬಿದ್ದಿದ್ದಕ್ಕೆ ಬೈದಿದ್ದರು!

ಆ ಹುಡುಗಿ ಮೇಲೆ ನನಗೆ ಕೋಪವಿಲ್ಲ. ಗಲ್ಫ್ ವಿಮಾನದಲ್ಲಿ ಹೇಗೆಲ್ಲ ಚಿನ್ನ ಬರುತ್ತೆ ಅಂತ ಪೇಪರಲ್ಲಿ ಓದುತ್ತಲೇ ಇರುತ್ತೇವೆ. ನನ್ನ ಪಕ್ಕ ಕೂತಿದ್ದ ಹುಡುಗನೊಬ್ಬ ‘ಪರಿಚಯದವರು ಕೊಟ್ಟ ಪೊಟ್ಟಣ, ಒಳಗೇನಿದೆ ಗೊತ್ತಿಲ್ಲ’ ಅಂತ ಅಳುಮುಖ ಮಾಡಿಕೊಂಡಿದ್ದ. ಅವನ ಗತಿ ಏನಾಯಿತೋ. ಬಿಡುವಾಗ ಆ ಹುಡುಗಿಯೇ ಹೇಳಿದಳು: ‘ಹೋಗುವಾಗಲೇ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿಕೊಳ್ಳಬೇಕಿತ್ತು ಅಮ್ಮ.’

ಹಾಗೆಂದರೆ, ದೇಶ ಬಿಡುವ ಮುಂಚೆ ವಿಮಾನ ನಿಲ್ದಾಣದಲ್ಲೇ ಇರುವ ಕಸ್ಟಮ್ಸ್ ಕೌಂಟರಿನಲ್ಲಿ ಒಡವೆ ತೋರಿಸಿ ಬರೆಸಿಕೊಳ್ಳುವ ಕಾಗದ. ವಾಪಸ್ ಬಂದಾಗ ಅದನ್ನು ತೋರಿಸಿದರೆ ಇದು ಇಲ್ಲಿಂದಲೇ ಹೋದದ್ದು ಎಂಬುದಕ್ಕೆ ಸಾಕ್ಷಿ. ಇದನ್ನು ಟಿಕೆಟ್ ಮಾಡಿಸಿಕೊಟ್ಟವರು ಹೇಳಲಿಲ್ಲ, ಬೋರ್ಡಿಂಗ್ ಪಾಸ್ ಕೊಟ್ಟವರು ಹೇಳಲಿಲ್ಲ, ಕೊಬ್ಬರಿ ತೆಗೆಸಿದವರೂ ಹೇಳಲಿಲ್ಲ.

ಇನ್ನು ಆ 40 ಗ್ರಾಂ ವಿಷಯ. ಅದು ಒಂದು ವರ್ಷಕ್ಕಿಂತ ಜಾಸ್ತಿ ಹೊರದೇಶದಲ್ಲಿದ್ದು ಬರುವ ಹೆಂಗಸರಿಗೆ, ಅದೂ ಒಡವೆಗೆ. ಗಂಡಸರಿಗೆ 20 ಗ್ರಾಂ. ಮೊದಲು ಇದಕ್ಕೆ ಬೆಲೆಯ ಮಿತಿಯೂ ಇತ್ತು, ಹೆಂಗಸರಿಗೆ 1 ಲಕ್ಷ, ಗಂಡಸರಿಗೆ 50 ಸಾವಿರ. ಈಗಿನ ರೇಟಲ್ಲಿ 1 ಲಕ್ಷಕ್ಕೆ 40 ಗ್ರಾಂ ಎಲ್ಲಿ ಬರುತ್ತೆ? ಆ ಮಿತಿ ತೆಗೆದದ್ದು ಒಳ್ಳೆಯದೇ. ಆದರೆ ಬಾಣಂತನಕ್ಕೆ ಅಂತ ಮೂರು ತಿಂಗಳು, ಆರು ತಿಂಗಳು ಹೋಗಿ ಬರುವ ನಮ್ಮಂಥವರಿಗೆ ಆ 40 ಗ್ರಾಂ ಲೆಕ್ಕಕ್ಕಿಲ್ಲ. ನಮಗಿರುವುದು ಆ ಕಾಗದ ಒಂದೇ.

ಹಾಸನದ ಅಂಚೆ ಕಚೇರಿಯ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ನನ್ನ ವಯಸ್ಸಿನವರು ಎಷ್ಟು ಜನ ಬರುತ್ತಾರೆ. ಮೊದಲ ಪಾಸ್‌ಪೋರ್ಟು, ಮೊದಲ ವಿಮಾನ. ‘ಒಡವೆ ಹಾಕಿಕೊಂಡು ಹೋಗುವವರು ಹೊರಡುವಾಗಲೇ ಕಸ್ಟಮ್ಸ್‌ನಲ್ಲಿ ಬರೆಸಿಕೊಳ್ಳಿ’ ಅಂತ ಅಲ್ಲಿನ ಗೋಡೆ ಮೇಲೆ ದಪ್ಪ ಕನ್ನಡ ಅಕ್ಷರದಲ್ಲಿ ಒಂದು ಹಾಳೆ ಅಂಟಿಸಲಿ. ವಿಮಾನ ನಿಲ್ದಾಣದ ಒಳಗೂ, ಕೊಬ್ಬರಿ ತರಬೇಡಿ ಎನ್ನುವ ಬೋರ್ಡಿನ ಪಕ್ಕದಲ್ಲೇ ಹಾಕಲಿ.

ನಮ್ಮ ಹಿಂದಿನ ಬೀದಿಯವರೊಬ್ಬರು ಬರುವ ತಿಂಗಳು ಮಗಳ ಬಾಣಂತನಕ್ಕೆ ದೋಹಾಕ್ಕೆ ಹೊರಟಿದ್ದಾರೆ. ಮೊನ್ನೆ ಅವರನ್ನು ಅಕ್ಕಸಾಲಿಗರ ಅಂಗಡಿಗೆ ಕರೆದುಕೊಂಡು ಹೋಗಿ, ಸರ, ಬಳೆ, ಓಲೆ ಎಲ್ಲ ತೂಕ ಹಾಕಿಸಿ, ಚೀಟಿ ಬರೆಸಿ, ಫೋಟೋ ತೆಗೆಸಿದೆ. ಕೊಬ್ಬರಿ ಮಾತ್ರ ಬೇಡ ಎಂದರೂ ಕೇಳುತ್ತಿಲ್ಲ.

— ಒಬ್ಬ ಗೃಹಿಣಿ, ಚನ್ನರಾಯಪಟ್ಟಣ