ಒಂದು ತಪ್ಪು ಸಿಕ್ಕರೆ ಇಡೀ ಸತ್ಯವೇದ ಸುಳ್ಳಾಗುತ್ತದಾ?

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಓದುಗರ ಅಂಕಣದಲ್ಲಿ ಒಬ್ಬರು ಬೈಬಲ್‌ನಲ್ಲಿ ಒಂದಕ್ಕೊಂದು ತಾಳೆಯಾಗದ ಮಾತುಗಳನ್ನು ಪಟ್ಟಿ ಮಾಡಿದ್ದರು. ಇಷ್ಟು ತಪ್ಪಿರುವ ಪುಸ್ತಕವನ್ನು ನಂಬುವುದು ಹೇಗೆ ಎಂದು ಕೇಳಿದ್ದರು. ಓದಿ ನನಗೆ ಸಿಟ್ಟು ಬರಲಿಲ್ಲ, ಸಂಕಟವಾಯಿತು. ಯಾಕೆಂದರೆ ಎರಡು ತಿಂಗಳ ಹಿಂದೆ ಇದೇ ಮಾತನ್ನು ನಮ್ಮವರ ಬಾಯಲ್ಲೇ ಕೇಳಿದ್ದೆ. ಯುವಜನರ ಕೂಟಕ್ಕೆ ಹೊರಗಿನಿಂದ ಬಂದ ಪ್ರಸಂಗಿಯೊಬ್ಬರು ಸತ್ಯವೇದವನ್ನು, ಅಂದರೆ ಬೈಬಲನ್ನು, ಮೇಲೆತ್ತಿ ಹಿಡಿದು, "ಇದರಲ್ಲಿ ಒಂದೇ ಒಂದು ತಪ್ಪು ತೋರಿಸಿ, ಇವತ್ತೇ ನಂಬಿಕೆ ಬಿಡ್ತೀನಿ" ಎಂದರು. ಮಕ್ಕಳು ಜೋರಾಗಿ ಚಪ್ಪಾಳೆ ತಟ್ಟಿದರು. ಪತ್ರ ಬರೆದವರೂ ಈ ಪ್ರಸಂಗಿಯೂ ಹಾಕುವ ಷರತ್ತು ಒಂದೇ, ಅಲ್ವಾ?

ನಾನು ಮೂವತ್ತೊಂದು ವರ್ಷದಿಂದ ನಮ್ಮ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಸಂಡೇ ಸ್ಕೂಲ್ ನಡೆಸುತ್ತಿದ್ದೇನೆ. ಆ ದಿನ ಚಪ್ಪಾಳೆ ತಟ್ಟದ ಹುಡುಗನೊಬ್ಬ ಮುಂದಿನ ಭಾನುವಾರ ಆರಾಧನೆ ಮುಗಿದ ಮೇಲೆ ನನ್ನ ಹತ್ತಿರ ಬಂದ. ಸೆಕೆಂಡ್ ಪಿಯುಸಿ ಓದುತ್ತಾನೆ. "ಆಂಟಿ, ಮಾರ್ಕ ಎರಡನೇ ಅಧ್ಯಾಯ, ಇಪ್ಪತ್ತಾರನೇ ವಚನ ನೋಡಿ" ಎಂದ. ದಾವೀದ ಹಸಿದಾಗ ದೇವಾಲಯದ ರೊಟ್ಟಿ ತಿಂದದ್ದು ಎಬ್ಯಾತಾರ ಮಹಾಯಾಜಕನಾಗಿದ್ದ ಕಾಲದಲ್ಲಿ ಎಂದು ಯೇಸುಸ್ವಾಮಿ ಅಲ್ಲಿ ಹೇಳುತ್ತಾರೆ. ಅದೇ ಕಥೆ ಸಮುವೇಲನ ಮೊದಲ ಪುಸ್ತಕದ 21ನೇ ಅಧ್ಯಾಯದಲ್ಲಿದೆ. ಅಲ್ಲಿ ರೊಟ್ಟಿ ಕೊಟ್ಟ ಯಾಜಕ ಅಹೀಮೆಲೆಕ, ಎಬ್ಯಾತಾರನ ತಂದೆ. ಮಾರ್ಕನ ಹಾಗೆ ಸುವಾರ್ತೆ, ಅಂದರೆ ಯೇಸುವಿನ ಕಥೆ, ಬರೆದ ಮತ್ತಾಯ, ಲೂಕ ಇದೇ ಪ್ರಸಂಗ ಹೇಳುವಾಗ ಯಾಜಕನ ಹೆಸರನ್ನೇ ಎತ್ತುವುದಿಲ್ಲ. ಹುಡುಗನ ಕಣ್ಣು ತುಂಬಿತ್ತು. "ಹಾಗಾದ್ರೆ ನಾನು ಬಿಟ್ಟುಬಿಡ್ಬೇಕಾ ಆಂಟಿ?" ಎಂದ. ಈ ಪ್ರಶ್ನೆಯನ್ನು ಅವನ ತಲೆಗೆ ಹಾಕಿದವರು ನಾಸ್ತಿಕರಲ್ಲ, ನಾವೇ.

ಅವನನ್ನು ಮನೆಗೆ ಕರೆದೆ. ನಮ್ಮಪ್ಪನ ಸತ್ಯವೇದ ತೆಗೆದು ತೋರಿಸಿದೆ. ಕಪ್ಪು ರಟ್ಟು, ಬೆನ್ನಿಗೆ ಅಪ್ಪನೇ ಹಾಕಿದ ಬಟ್ಟೆ ಪಟ್ಟಿ. ಮೊದಲ ಖಾಲಿ ಹಾಳೆಯಲ್ಲಿ ನಾವು ಐದು ಜನ ಮಕ್ಕಳು ಹುಟ್ಟಿದ ದಿನಗಳಿವೆ. ನನ್ನದು ಮೂರನೆಯದು. "17-7-1958, ಶುಕ್ರವಾರ ರಾತ್ರಿ ದೇವರು ನಮಗೆ ಹೆಣ್ಣು ಮಗುವನ್ನು ಕೊಟ್ಟನು." ನೀಲಿ ಶಾಯಿ ಈಗ ಕಂದು ಬಣ್ಣಕ್ಕೆ ತಿರುಗಿದೆ. ಕ್ಯಾಲೆಂಡರ್ ಪ್ರಕಾರ 1958ರ ಜುಲೈ 17 ಗುರುವಾರ. ನಾನು ಹುಟ್ಟುವ ಹೊತ್ತಿಗೆ ಗಡಿಯಾರ ಹನ್ನೆರಡು ಹೊಡೆದಿತ್ತು ಎಂದು ಅಮ್ಮ ಹೇಳುತ್ತಿದ್ದರು. ಅಪ್ಪ ಇನ್ನೂ ಹೊಡೆದಿರಲಿಲ್ಲ ಎನ್ನುತ್ತಿದ್ದರು. ಶಾಲೆಗೆ ಸೇರಿಸುವಾಗ ಮೇಷ್ಟ್ರು ಜೂನ್ 1 ಎಂದು ಬರೆದುಕೊಂಡರು. ನಾನು ಸರ್ಕಾರಿ ಶಾಲೆಯಿಂದ ರಿಟೈರ್ ಆದದ್ದೂ ಆ ಲೆಕ್ಕದಲ್ಲೇ.

ಅಪ್ಪ ಬರೆದದ್ದರಲ್ಲಿ ವಾರವೋ ತಾರೀಖೋ, ಒಂದು ತಪ್ಪು. ಆದರೆ ಆ ರಾತ್ರಿ ಅಪ್ಪ ಬಾಗಿಲ ಹೊರಗೆ ನಿಂತಿದ್ದರು ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಬರೆದದ್ದು ಅಪ್ಪನೇ ಎಂದು ಆ ವಕ್ರ 'ಳ' ಅಕ್ಷರ ನೋಡಿದರೆ ಗೊತ್ತಾಗುತ್ತದೆ.

ಇದಕ್ಕೆ ಬರುವ ಉತ್ತರ ನನಗೆ ಗೊತ್ತು. ನಿಮ್ಮಪ್ಪ ಮನುಷ್ಯ, ಸತ್ಯವೇದ ದೇವರ ವಾಕ್ಯ, ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ ಎನ್ನುತ್ತಾರೆ. ದೇವರ ವಾಕ್ಯ ಎಂದು ನಾನೂ ನಂಬುತ್ತೇನೆ. ಆದರೆ ಅದನ್ನು ಬರೆದವರು ತಮ್ಮ ಬಗ್ಗೆ ಏನು ಹೇಳಿಕೊಂಡಿದ್ದಾರೆ ನೋಡಿ. ನನಗಿಂತ ಮುಂಚೆ ಎಷ್ಟೋ ಜನ ಬರೆದಿದ್ದಾರೆ, ನಾನೂ ಎಲ್ಲವನ್ನೂ ಬುಡದಿಂದ ವಿಚಾರಿಸಿ ಬರೆಯುತ್ತಿದ್ದೇನೆ ಎಂದು ಲೂಕ ಮೊದಲ ನಾಲ್ಕು ವಚನಗಳಲ್ಲೇ ಹೇಳುತ್ತಾನೆ. ಇನ್ನು ಮೊದಲ ಕಾಲದ ಸಭೆಗಳಿಗೆ ಪತ್ರಗಳನ್ನು ಬರೆದ ಪೌಲ. ಕೊರಿಂಥದವರಿಗೆ ಬರೆದ ಮೊದಲ ಪತ್ರದ ಮೊದಲ ಅಧ್ಯಾಯದಲ್ಲಿ, ಕ್ರಿಸ್ಪ, ಗಾಯ ಇವರಿಬ್ಬರನ್ನು ಬಿಟ್ಟು ನಿಮ್ಮಲ್ಲಿ ಯಾರಿಗೂ ನಾನು ದೀಕ್ಷಾಸ್ನಾನ ಮಾಡಿಸಲಿಲ್ಲ ಎನ್ನುತ್ತಾನೆ. ಎರಡು ಸಾಲು ಮುಂದೆ ಹೋಗುವಷ್ಟರಲ್ಲಿ ನೆನಪಾಗುತ್ತದೆ: ಹೌದು, ಸ್ತೆಫನನ ಮನೆಯವರಿಗೂ ಮಾಡಿಸಿದೆ, ಬೇರೆ ಯಾರಿಗಾದರೂ ಮಾಡಿಸಿದೆನೋ ಗೊತ್ತಿಲ್ಲ. ಪತ್ರ ಬರೆಯುತ್ತಾ ಬರೆಯುತ್ತಾ ಮರೆತು, ನೆನಪಿಸಿಕೊಂಡು, ಮತ್ತೆ ಅನುಮಾನಪಟ್ಟ ಮನುಷ್ಯ! ಮೊದಲ ಸಾಲನ್ನು ಅಳಿಸಿ ಚೆಂದ ಮಾಡಬಹುದಿತ್ತು. ಪೌಲ ಅಳಿಸಲಿಲ್ಲ, ಪ್ರತಿ ಮಾಡಿದವರೂ ಅಳಿಸಲಿಲ್ಲ. ಆ ಮೂರು ವಚನ ಓದಿದಾಗಲೆಲ್ಲಾ ನನಗೆ ಪೌಲನ ಉಸಿರು ಕೇಳಿಸಿದ ಹಾಗಾಗುತ್ತದೆ.

ನಮ್ಮ ಹಿರಿಯರಿಗೆ ಈ ವ್ಯತ್ಯಾಸಗಳು ಕಾಣಲಿಲ್ಲ ಎಂದುಕೊಳ್ಳಬೇಡಿ. ಚೆನ್ನಾಗಿ ಕಂಡಿದ್ದವು. ಸುಮಾರು 170ನೇ ಇಸವಿಯ ಹೊತ್ತಿಗೆ ತಾತಿಯಾನ ಎಂಬವನು ನಾಲ್ಕು ಸುವಾರ್ತೆಗಳನ್ನೂ ಹೆಣೆದು ಒಂದೇ ಕಥೆ ಮಾಡಿದ. ಸಿರಿಯಾ ಕಡೆಯ ಸಭೆಗಳು ಎಷ್ಟೋ ಕಾಲ ಅದನ್ನೇ ಓದಿದವು. ಐದನೇ ಶತಮಾನದಲ್ಲಿ ಥಿಯೊಡೊರೆಟ್ ಎಂಬ ಬಿಷಪ್ ತನ್ನ ಸಭೆಗಳಿಂದ ಅದರ ಇನ್ನೂರಕ್ಕೂ ಜಾಸ್ತಿ ಪ್ರತಿಗಳನ್ನು ತೆಗೆಸಿ, ನಾಲ್ಕು ಸುವಾರ್ತೆಗಳನ್ನು ಇಡಿಸಿದ. ತಾತಿಯಾನ ದಾರಿ ತಪ್ಪಿದವನು ಎಂಬ ಸಿಟ್ಟೂ ಅದರಲ್ಲಿತ್ತು, ಅದನ್ನು ಮುಚ್ಚಿಡುವುದಿಲ್ಲ. ಆದರೂ ತಕರಾರಿಲ್ಲದ ಒಂದು ಕಥೆ ಕೈಯಲ್ಲೇ ಇದ್ದಾಗ ಸಭೆ ಕೊನೆಗೆ ಉಳಿಸಿಕೊಂಡದ್ದು ತಕರಾರಿರುವ ನಾಲ್ಕನ್ನು.

ಪ್ರಸಂಗಿಗಳ ಭಯ ಸುಮ್ನೆ ಹುಟ್ಟಿದ್ದಲ್ಲ. ಒಂದು ಕಡೆ ತಪ್ಪು ಎಂದರೆ ಇನ್ನೊಂದು ಕಡೆ ಸರಿ ಎಂದು ಹೇಳುವವರು ಯಾರು? ಇದು ನಿಜವಾದ ಕಷ್ಟ. ಎಲ್ಲ ತಪ್ಪೂ ಒಂದೇ ಎಂದು ನಾನು ಹೇಳುತ್ತಿಲ್ಲ. ದಾವೀದ ಒಕ್ಕುವ ಕಣ ಕೊಂಡದ್ದು 50 ಶೆಕೆಲ್ (ಆ ಕಾಲದ ತೂಕ) ಬೆಳ್ಳಿಗೆ ಎಂದು ಸಮುವೇಲ ಪುಸ್ತಕ, 600 ಶೆಕೆಲ್ ಬಂಗಾರಕ್ಕೆ ಎಂದು ಪೂರ್ವಕಾಲವೃತ್ತಾಂತ ಪುಸ್ತಕ. ಬೆಳ್ಳಿಯೋ ಬಂಗಾರವೋ, ನನ್ನ ಪ್ರಾರ್ಥನೆ ಅಲುಗುವುದಿಲ್ಲ. ಆದರೆ ಕ್ರಿಸ್ತ ಎದ್ದುಬರಲಿಲ್ಲ ಎಂದಾದರೆ ನಮ್ಮ ನಂಬಿಕೆ ವ್ಯರ್ಥ ಎಂದು ಪೌಲನೇ ಬರೆದಿದ್ದಾನೆ. ಯಾವುದರ ಮೇಲೆ ಮನೆ ನಿಂತಿದೆ, ಯಾವುದು ಗೋಡೆಯ ಬಿರುಕು ಎಂದು ಅವನಿಗೆ ಗೊತ್ತಿತ್ತು.

1978ರಲ್ಲಿ ಅಮೆರಿಕದ ಶಿಕಾಗೋದಲ್ಲಿ ಇವ್ಯಾಂಜೆಲಿಕಲ್ ಪಂಡಿತರು ಸೇರಿ ಸತ್ಯವೇದದಲ್ಲಿ ತಪ್ಪಿಲ್ಲ ಎಂದು ದೊಡ್ಡ ಹೇಳಿಕೆ ಹೊರಡಿಸಿದರು. ಆ ಪ್ರಸಂಗಿಗಳು ಅದನ್ನು ಪೂರ್ತಿ ಓದಲಿ ಎಂಬುದು ನನ್ನ ಬಿನ್ನಹ. ದೇವಪ್ರೇರಣೆಯ ಮಾತು ಖಡಾಖಂಡಿತವಾಗಿ ಅನ್ವಯಿಸುವುದು ಮೂಲ ಲೇಖಕರ ಕೈಬರಹಕ್ಕೆ ಮಾತ್ರ ಎಂದು ಅದರಲ್ಲೇ ಇದೆ. ಆ ಕೈಬರಹ ಒಂದೂ ಇವತ್ತು ಉಳಿದಿಲ್ಲ. ನಮ್ಮ ಕೈಯಲ್ಲಿರುವುದು ಪ್ರತಿಯ ಪ್ರತಿಯ ಭಾಷಾಂತರ. 1810ರಲ್ಲಿ ಬಳ್ಳಾರಿಗೆ ಬಂದ ಮಿಷನರಿ ಜಾನ್ ಹ್ಯಾಂಡ್ಸ್ ವರ್ಷಗಟ್ಟಲೆ ಕೂತು ಕನ್ನಡಕ್ಕೆ ತಂದರು, ಆಮೇಲೆ ಬಂದವರು ಮತ್ತೆ ಮತ್ತೆ ತಿದ್ದಿದರು. ಇದನ್ನು ಓದಿಯೇ ನನ್ನ ಅಜ್ಜಿ ಬದುಕಿದ್ದು, ಸಾಯುವಾಗ ಕೇಳಿಸಿಕೊಂಡದ್ದೂ ಇದನ್ನೇ. ಇನ್ನೂ ಒಂದು ಮಾತಿದೆ. ತಪ್ಪಿಲ್ಲ ಎಂದು ಒಪ್ಪುವುದು ರಕ್ಷಣೆಗೆ ಅಗತ್ಯವಲ್ಲ ಎಂದು ಆ ಹೇಳಿಕೆಯೇ ಹೇಳುತ್ತದೆ. ಒಪ್ಪದಿದ್ದರೆ ಕೆಟ್ಟ ಪರಿಣಾಮವಾಗುತ್ತದೆ ಎಂದೂ ಎಚ್ಚರಿಸುತ್ತದೆ. ಆದರೆ 'ಇವತ್ತೇ ಬಿಡ್ತೀನಿ' ಎನ್ನುವ ಮಾತು ಅವರದ್ದಲ್ಲ.

ಹಾಗಾಗಿ ಕೂಟಗಳಲ್ಲಿ ಮಾತಾಡುವ ಅಣ್ಣಂದಿರನ್ನು ಕೇಳಿಕೊಳ್ಳುತ್ತೇನೆ. ಮಕ್ಕಳ ಮುಂದೆ ಆ ಸವಾಲು ಹಾಕಬೇಡಿ. ಬದಲಿಗೆ ಮಾರ್ಕ 2:26 ತೆಗೆಸಿ, ಸಮುವೇಲ ತೆಗೆಸಿ, ಪಕ್ಕಪಕ್ಕ ಇಡಿಸಿ. ಉತ್ತರ ಗೊತ್ತಿದ್ದರೆ ಹೇಳಿ, ಇಲ್ಲದಿದ್ದರೆ ಗೊತ್ತಿಲ್ಲ ಎನ್ನಿ. ಮಕ್ಕಳು ಅದನ್ನು ತಡೆದುಕೊಳ್ಳುತ್ತಾರೆ. ಮುಚ್ಚಿಟ್ಟದ್ದನ್ನು ಮೊಬೈಲಿನಲ್ಲಿ ಬೇರೆ ಯಾರಿಂದಲೋ ತಿಳಿದುಕೊಂಡರೆ ಮಾತ್ರ ತಡೆದುಕೊಳ್ಳುವುದಿಲ್ಲ.

ಆ ಹುಡುಗ ಈಗ ಶನಿವಾರ ಸಂಜೆ ನಮ್ಮ ಮನೆಗೆ ಬರುತ್ತಾನೆ. ಊಟದ ಮೇಜಿನ ಮೇಲೆ ನಾಲ್ಕು ಸತ್ಯವೇದ ಬಿಚ್ಚಿಟ್ಟು ಪುನರುತ್ಥಾನದ ಬೆಳಿಗ್ಗೆಯನ್ನು ಓದುತ್ತಿದ್ದೇವೆ. ಮತ್ತಾಯನಲ್ಲಿ ಕಲ್ಲಿನ ಮೇಲೆ ಕೂತ ಒಬ್ಬ ದೂತ, ಮಾರ್ಕನಲ್ಲಿ ಸಮಾಧಿಯ ಒಳಗೆ ಬಿಳಿ ನಿಲುವಂಗಿಯ ಹುಡುಗ, ಲೂಕನಲ್ಲಿ ಇಬ್ಬರು. ಹೋದ ಹೆಂಗಸರ ಹೆಸರುಗಳೂ ಬೇರೆ ಬೇರೆ. ಅವನು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಎಲ್ಲವನ್ನೂ ಬರೆದುಕೊಂಡ. ಬರೆದು ಮುಗಿಸಿ, "ಆಂಟಿ, ಮಗ್ದಲದ ಮರಿಯ ಮಾತ್ರ ನಾಲ್ಕರಲ್ಲೂ ಇದ್ದಾಳೆ" ಎಂದ. ಬರುವ ಶನಿವಾರ ಯೋಹಾನ 20 ಪೂರ್ತಿಯಾಗಿ ಓದಬೇಕು.

ಇತಿ,
ನಿವೃತ್ತ ಶಿಕ್ಷಕಿ, ತುಮಕೂರು