ಕೀಲಿಗೊಂಚಲು ಕೊಟ್ಟರೆ ಹೆಡ್‌ಮಾಸ್ಟರ್ ಆಗಿಬಿಡುತ್ತಾರೆಯೇ?

ಮಾನ್ಯ ಶಾಲಾ ಶಿಕ್ಷಣ ಸಚಿವರಿಗೆ ನಮಸ್ಕಾರಗಳು.

ನಮ್ಮೂರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿಯಲ್ಲಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಎರಡು ಅವಧಿ ಕೆಲಸ ಮಾಡಿದವನು ನಾನು. ಆ ಅವಧಿಯಲ್ಲಿ ಇಬ್ಬರು ಮುಖ್ಯ ಶಿಕ್ಷಕರನ್ನು ಹತ್ತಿರದಿಂದ ಕಂಡೆ. ಅವರ ಬಗ್ಗೆಯೇ ಈ ಪತ್ರ.

ಮೊದಲನೆಯವರು ಗಣಿತದ ಮೇಷ್ಟ್ರು. ಭಿನ್ನರಾಶಿಯನ್ನು ರೊಟ್ಟಿ ಮುರಿದು ಕಲಿಸುತ್ತಿದ್ದರು. ಹಿಂದಿನವರು ನಿವೃತ್ತರಾದ ಸಂಜೆ, ಸೀನಿಯರ್ ಎಂಬ ಒಂದೇ ಕಾರಣಕ್ಕೆ ಬೀರುವಿನ ಕೀಲಿಗೊಂಚಲು ಇವರ ಕೈಗೆ ಬಂತು. ಪ್ರಭಾರ. ತರಬೇತಿ ಒಂದು ದಿನದ್ದೂ ಇಲ್ಲ. ಬಿಸಿಯೂಟದ ಲೆಕ್ಕ, ಹಾಲಿನ ಪುಡಿಯ ದಾಸ್ತಾನು, ಮೊಟ್ಟೆಯ ಬಿಲ್ಲು, ಮಕ್ಕಳ ವಿವರ ತುಂಬುವ ಎಸ್‌ಎಟಿಎಸ್ ಆನ್‌ಲೈನ್ ಎಂಟ್ರಿ, ಇಷ್ಟರ ಮೇಲೆ ವಾಟ್ಸಾಪಿನಲ್ಲಿ 'ಅತಿ ತುರ್ತು' ಎಂದು ಬರುವ ನಮೂನೆಗಳು. ನೆಟ್‌ವರ್ಕ್ ಸಿಗಲೆಂದು ಅವರು ಮೊಬೈಲ್ ಹಿಡಿದು ಧ್ವಜಕಟ್ಟೆಯ ಮೇಲೆ ನಿಂತಿರುತ್ತಿದ್ದರು. ಏಳನೇ ತರಗತಿ ಕಿಟಕಿಯಿಂದ ಅವರನ್ನೇ ನೋಡುತ್ತಿತ್ತು. ವರ್ಷದೊಳಗೆ ನಾವು ಒಬ್ಬ ಒಳ್ಳೆಯ ಮೇಷ್ಟ್ರನ್ನು ಕಳೆದುಕೊಂಡೆವು, ಹೆಡ್‌ಮಾಸ್ಟರಂತೂ ಸಿಗಲಿಲ್ಲ. ತಪ್ಪು ಅವರದಲ್ಲ.

ಆಮೇಲೆ ಬಡ್ತಿಯ ಮೇಲೆ ಒಬ್ಬ ಮೇಡಂ ಬಂದರು. ಬಂದ ವಾರ ಗೋಡೆಗೆ ಬಣ್ಣ ಬಳಿಸಲಿಲ್ಲ, ಸಭೆ ಕರೆಯಲಿಲ್ಲ. ಬೆಳಿಗ್ಗೆ ಒಂಬತ್ತೂವರೆಗೆ ಗೇಟಿನ ಬಳಿ ನಿಂತು ಯಾರು ಬಂದರು, ಯಾರು ಬರಲಿಲ್ಲ ಎಂದು ನೋಡಿದರು. ಮೂರು ದಿನ ಕಾಣದ ಹುಡುಗಿಯ ಮನೆಗೆ ತಾವೇ ಹೋದರು. ತಾಯಿ ಕಬ್ಬು ಕಡಿಯಲು ಹೋಗಿದ್ದಳು, ಕೂಸು ನೋಡಿಕೊಳ್ಳುವ ಪಾಳಿ ಆ ಹುಡುಗಿಯದು. ಅಂಗನವಾಡಿಯವರ ಜೊತೆ ಮಾತಾಡಿ ಕೂಸಿಗೆ ಜಾಗ ಮಾಡಿಸಿದರು. ಹೊಸ ಶಿಕ್ಷಕರ ತರಗತಿಯಲ್ಲಿ ಹಿಂದಿನ ಸಾಲಿನಲ್ಲಿ ಕೂತು, ಹೇಳುವುದನ್ನು ಆಮೇಲೆ ಒಬ್ಬರೇ ಇದ್ದಾಗ ಹೇಳುತ್ತಿದ್ದರು. ಮಕ್ಕಳಿಗೆ ಬಡಿಸುವ ಮೊದಲು ಸಾರು ರುಚಿ ನೋಡುವುದು ಅವರಿಗೆ ಬರೀ ರಿಜಿಸ್ಟರಿಗೆ ಹಾಕುವ ಸಹಿಯಾಗಿರಲಿಲ್ಲ. ಒಮ್ಮೆ ಬೇಳೆ ಬೆಂದಿಲ್ಲವೆಂದು ಬೆಲ್ ಹದಿನೈದು ನಿಮಿಷ ತಡ ಮಾಡಿಸಿದರು, ಅಡುಗೆಯಮ್ಮನಿಗೆ ಗದರಲಿಲ್ಲ. ನಮ್ಮ ಸಭೆಯಲ್ಲಿ ಖರ್ಚು ಓದಿ ಹೇಳಿ, ಅರ್ಥವಾಯಿತೇ ಎಂದು ಕೇಳಿದ ಮೇಲೆಯೇ ಸಹಿಗೆ ಪೆನ್ನು ಕೊಡುತ್ತಿದ್ದರು. ಅದಕ್ಕೂ ಮೊದಲು ನಾನು ಖಾಲಿ ಹಾಳೆಗಳಿಗೆ ಸಹಿ ಹಾಕಿದ್ದಿದೆ, ಒಪ್ಪಿಕೊಳ್ಳುತ್ತೇನೆ.

ಇದೆಲ್ಲ ಹುಟ್ಟುಗುಣ ಎನ್ನಬೇಡಿ. ಇಪ್ಪತ್ತು ವರ್ಷದ ಹಿಂದೆ ತಮ್ಮ ಮೊದಲ ಶಾಲೆಯ ಹೆಡ್‌ಮಾಸ್ಟರರನ್ನು ನೋಡಿ ಕಲಿತದ್ದು ಎಂದು ಮೇಡಂ ಅವರೇ ಹೇಳಿದ್ದಾರೆ. ಅಂದರೆ ಕಲಿಸಿದರೆ ಬರುತ್ತದೆ. ಶಾಲಾ ನಾಯಕತ್ವಕ್ಕೆಂದೇ ಧಾರವಾಡದಲ್ಲಿ ಸಿಸ್ಲೆಪ್ ಸಂಸ್ಥೆ ಇದೆ. ಚಾರ್ಜ್ ಕೊಡುವ ಮುಂಚೆಯೇ ಅಲ್ಲಿ ತರಬೇತಿ ಆಗಲಿ, ಚಾರ್ಜ್ ಸಿಕ್ಕಿ ಪೆಟ್ಟು ತಿಂದ ಮೇಲಲ್ಲ.

ಇನ್ನೊಂದು ಮಾತು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಂತೆ ಒಂದರಿಂದ ಐದನೇ ತರಗತಿಯಲ್ಲಿ 150 ಮಕ್ಕಳು ಮೀರಿದರೆ ಮುಖ್ಯ ಶಿಕ್ಷಕರು ಬೇಕು. ಆರರಿಂದ ಎಂಟಕ್ಕೆ ಆ ಸಂಖ್ಯೆ 100. ಪಕ್ಕದ ಹಟ್ಟಿಯ ಶಾಲೆಯಲ್ಲಿ ಇರುವುದೇ ಇಪ್ಪತ್ತೆಂಟು ಮಕ್ಕಳು. ಮಕ್ಕಳು ಕಡಿಮೆಯೆಂದು ರಿಜಿಸ್ಟರು ಕಡಿಮೆಯಾಗಿಲ್ಲ. ಅಂಥ ಶಾಲೆಗಳ ಬರವಣಿಗೆಗೆ, ಹತ್ತಿರದ ಶಾಲೆಗಳು ಸೇರಿದ ಕ್ಲಸ್ಟರಿಗೊಬ್ಬ ಗುಮಾಸ್ತರನ್ನಾದರೂ ಕೊಡಿ.

ನಮ್ಮ ಮೇಡಂ ಬರುವ ವರ್ಷ ನಿವೃತ್ತರಾಗುತ್ತಾರೆ. ಕೀಲಿಗೊಂಚಲು ಯಾರಿಗೆ ಎಂಬ ಮಾತು ಈಗಲೇ ಶುರುವಾಗಿದೆ; ಕೇಳಿಬರುತ್ತಿರುವುದು ಚಿಕ್ಕ ತರಗತಿಗಳಿಗೆ ಚಟುವಟಿಕೆಯ ಮೂಲಕ ಕಲಿಸುವ ನಲಿ-ಕಲಿ ಮಿಸ್ ಹೆಸರು. ಈ ಬೇಸಿಗೆಯಲ್ಲೇ ಅವರನ್ನು ಧಾರವಾಡಕ್ಕೆ ಕಳಿಸಿಕೊಡಿ.

ಇಂತಿ,
ಒಬ್ಬ ಮಾಜಿ ಎಸ್‌ಡಿಎಂಸಿ ಸದಸ್ಯ