‘ವೆನ್’ ಬಂದ ಮಾತ್ರಕ್ಕೆ: ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ನೀನು ಕಳುಹಿಸಿದ ವ್ಯಾಕರಣದ ಹಾಳೆ ನೋಡಿದೆ. ‘ವೆನ್’, ‘ಇಫ್’, ‘ವೇರ್’ ಕಂಡಲ್ಲೆಲ್ಲ ಗೆರೆ ಎಳೆದು ಪಕ್ಕದಲ್ಲಿ ‘ಅಡ್ವರ್ಬ್ ಕ್ಲಾಜ್’, ಅಂದರೆ ಯಾವಾಗ, ಎಲ್ಲಿ, ಯಾಕೆ ಎಂಬಂಥ ಪ್ರಶ್ನೆಗೆ ಉತ್ತರವಾಗಿ ದೊಡ್ಡ ವಾಕ್ಯದೊಳಗೆ ಕೂರುವ ಉಪವಾಕ್ಯ, ಎಂದು ಬರೆದುಬಿಟ್ಟಿದ್ದೀಯೆ. ಕೆಲವು ಸರಿ, ಕೆಲವು ತಪ್ಪು. ಪಟ್ಟಿಯಲ್ಲಿರುವ ಪದವೇ ಬಂದಿದ್ದರೂ ಯಾಕೆ ತಪ್ಪಾಯಿತು ಎಂದು ಕೇಳಿದ್ದೀಯೆ. ಫೋನಿನಲ್ಲಿ ಹೇಳಿ ಮುಗಿಸುವ ಸಂಗತಿಯಲ್ಲ ಇದು. ವಾಕ್ಯಗಳನ್ನು ಕಣ್ಣೆದುರು ಇಟ್ಟುಕೊಂಡೇ ನೋಡಬೇಕು. ಅದಕ್ಕೇ ಬರೆಯುತ್ತಿದ್ದೇನೆ.

ತಾಪತ್ರಯವೆಲ್ಲ ಆ ಪಟ್ಟಿಯದ್ದೇ. ಕಾಲಕ್ಕೆ ‘ವೆನ್, ವೈಲ್, ಬಿಫೋರ್, ಅಂಟಿಲ್’, ಸ್ಥಳಕ್ಕೆ ‘ವೇರ್’, ಕಾರಣಕ್ಕೆ ‘ಬಿಕಾಸ್, ಸಿನ್ಸ್’, ಷರತ್ತಿಗೆ ‘ಇಫ್, ಅನ್‌ಲೆಸ್’, ವಿರೋಧಕ್ಕೆ ‘ದೋ, ಆಲ್ದೋ’ ಎಂದು ಕೋಷ್ಟಕ ಹಾಕಿ ಮಕ್ಕಳಿಂದ ಬಾಯಿಪಾಠ ಮಾಡಿಸುತ್ತಾರೆ. ಪಟ್ಟಿ ಸುಳ್ಳಲ್ಲ. ಆದರೆ ಅದು ಉಪವಾಕ್ಯ ತೊಟ್ಟ ಟೋಪಿ ಯಾವುದೆಂದು ಮಾತ್ರ ಹೇಳುತ್ತದೆ. ಟೋಪಿ ತೊಟ್ಟವರು ಅಲ್ಲಿ ಏನು ಕೆಲಸ ಮಾಡುತ್ತಿದ್ದಾರೆ ಎಂಬುದನ್ನು ನಾವೇ ನೋಡಬೇಕು.

ಒಂದೇ ತುಣುಕನ್ನು ಮೂರು ಕಡೆ ಇಡುತ್ತೇನೆ, ನೋಡು.

‘ಐ ವಾಸ್ ಅಸ್ಲೀಪ್ ವೆನ್ ಶಿ ಲೆಫ್ಟ್.’
‘ಐ ನೋ ವೆನ್ ಶಿ ಲೆಫ್ಟ್.’
‘ಐ ರಿಮೆಂಬರ್ ದಿ ಡೇ ವೆನ್ ಶಿ ಲೆಫ್ಟ್.’

‘ವೆನ್ ಶಿ ಲೆಫ್ಟ್’ ಮೂರರಲ್ಲೂ ಅಕ್ಷರಶಃ ಒಂದೇ. ಈಗ ಮೂರನ್ನೂ ಕನ್ನಡದಲ್ಲಿ ಹೇಳು. ‘ಅವಳು ಹೊರಟಾಗ ನಾನು ನಿದ್ದೆಯಲ್ಲಿದ್ದೆ.’ ‘ಅವಳು ಯಾವಾಗ ಹೊರಟಳು ಎಂಬುದು ನನಗೆ ಗೊತ್ತು.’ ‘ಅವಳು ಹೊರಟ ದಿನ ನನಗೆ ನೆನಪಿದೆ.’ ಹೊರಟಾಗ, ಯಾವಾಗ ಹೊರಟಳು ಎಂಬುದು, ಹೊರಟ: ಮೂರು ಬೇರೆ ಬೇರೆ ರೂಪಗಳು. ಇಂಗ್ಲಿಷ್ ಒಂದೇ ವೇಷದಲ್ಲಿ ಮುಚ್ಚಿಟ್ಟದ್ದನ್ನು ಕನ್ನಡ ಬಿಡಿಸಿ ತೋರಿಸಿಬಿಟ್ಟಿತು. ಮೊದಲನೆಯದು ಯಾವಾಗ ಎಂಬ ಪ್ರಶ್ನೆಗೆ ಉತ್ತರ, ಆದ್ದರಿಂದ ಕ್ರಿಯಾವಿಶೇಷಣದ ಕೆಲಸ. ಎರಡನೆಯದು ನನಗೆ ಏನು ಗೊತ್ತು ಎಂಬುದಕ್ಕೆ ಉತ್ತರ, ನಾಮಪದದ ಕೆಲಸ. ಮೂರನೆಯದು ಯಾವ ದಿನ ಎಂದು ಹೇಳುತ್ತಿದೆ, ಅದು ವಿಶೇಷಣ. ನಿನ್ನ ಹಾಳೆಯಲ್ಲಿ ತಪ್ಪಾದವುಗಳೆಲ್ಲ ಈ ಎರಡನೆಯ, ಮೂರನೆಯ ಬಗೆಯವು.

ಇಂಗ್ಲಿಷನ್ನು ಇಂಗ್ಲಿಷಿನಲ್ಲೇ ಕಲಿಯಬೇಕು, ನಡುವೆ ಕನ್ನಡ ತರಬಾರದು ಎಂದು ನಿನಗೆ ಯಾರಾದರೂ ಹೇಳಿರಬಹುದು. ಮಾತನಾಡುವಾಗ ಆ ಬುದ್ಧಿಮಾತು ಸರಿಯಿರಬಹುದು. ವಾಕ್ಯದ ಎಲುಬು ಎಣಿಸುವಾಗ ಮಾತ್ರ ನಾನು ಅದನ್ನು ಒಪ್ಪುವುದಿಲ್ಲ. ನಾಲಿಗೆಯ ಮೇಲೆ ಸಿದ್ಧವಾಗಿರುವ ಇಂಥ ಸಾಧನವನ್ನು ಬಳಸದೆ ಇರುವುದೇಕೆ? ‘-ಆಗ’, ‘-ಅರೆ’, ‘-ಅರೂ’, ‘-ವರೆಗೆ’, ‘-ದ್ದರಿಂದ’ ಇವುಗಳಲ್ಲಿ ಯಾವುದಾದರೂ ಬಾಲ ತಾನಾಗಿ ಬಂದು ಅಂಟಿಕೊಂಡರೆ ಅಡ್ವರ್ಬ್ ಕ್ಲಾಜ್ ಎಂದು ಅನುಮಾನಿಸು. ‘ಎಂಬುದು’ ಅಥವಾ ‘ಎಂದು’ ಬೇಕೆನಿಸಿದರೆ ಹೆಚ್ಚಾಗಿ ನಾಮಪದದ ಕೆಲಸ. ಏನೂ ಇಲ್ಲದೆ ‘ಹೊರಟ’, ‘ಕುಳಿತ’, ‘ಬರುವ’ ಎಂದು ಮುಂದಿನ ಪದಕ್ಕೆ ಒರಗಿಕೊಂಡರೆ ವಿಶೇಷಣ.

ಇಲ್ಲೇ ಇನ್ನೊಂದು ವ್ಯತ್ಯಾಸವನ್ನೂ ಗಮನಿಸು. ಕನ್ನಡದಲ್ಲಿ ಸುಳಿವು ಕ್ರಿಯಾಪದದ ಕೊನೆಯಲ್ಲಿದೆ, ಆ ಕ್ರಿಯಾಪದವೂ ಅಪೂರ್ಣ. ‘ಮಳೆ ಬಂದಾಗ’ ಎಂದು ನಿಲ್ಲಿಸಿದರೆ ಕೇಳುವವರು ಮುಂದೇನು ಎಂದು ಕಾಯುತ್ತಾರೆ. ಇಂಗ್ಲಿಷಿನಲ್ಲಿ ಸುಳಿವು ಮುಂದೆ ಬರುತ್ತದೆ, ಕ್ರಿಯಾಪದ ಪೂರ್ಣವಾಗಿಯೇ ಇರುತ್ತದೆ. ‘ವೆನ್ ಇಟ್ ರೇನ್ಡ್’ ಎಂಬುದರಿಂದ ‘ವೆನ್’ ತೆಗೆದರೆ ಉಳಿಯುವುದು ಒಂದು ಇಡೀ ವಾಕ್ಯ. ಹಾಗಾಗಿ ಉಪವಾಕ್ಯ ಹೌದೋ ಅಲ್ಲವೋ ಎಂದು ತಿಳಿಯಲು ಅದರೊಳಗೆ ಕರ್ತೃವೂ ಕಾಲ ತೋರಿಸುವ ಕ್ರಿಯಾಪದವೂ ಇವೆಯೇ ಎಂದು ನೋಡಬೇಕು. ‘ಆಫ್ಟರ್ ದಿ ಎಗ್ಸಾಮ್’ ಬರೀ ಪದಗುಚ್ಛ. ‘ಆಫ್ಟರ್ ದಿ ಎಗ್ಸಾಮ್ ಎಂಡೆಡ್’ ಉಪವಾಕ್ಯ. ಎರಡೂ ‘ಯಾವಾಗ’ ಎಂದೇ ಹೇಳುತ್ತವೆ, ಕೆಲಸವೂ ಒಂದೇ, ಒಡಲು ಬೇರೆ.

ಎರಡು ಕಡೆಯೂ ‘ಆಫ್ಟರ್’ ಒಂದೇ ಪದದಂತೆ ಕಾಣುತ್ತಿರುವಾಗ ಒಮ್ಮೆ ಪ್ರಿಪೊಸಿಷನ್ (ನಾಮಪದದ ಮುಂದೆ ಕೂರುವ ಪದ), ಇನ್ನೊಮ್ಮೆ ಕಂಜಂಕ್ಷನ್ (ವಾಕ್ಯಗಳನ್ನು ಜೋಡಿಸುವ ಪದ) ಎಂದು ಯಾಕೆ ಕರೆಯಬೇಕು ಎಂದು ನಿನಗೆ ಅನ್ನಿಸಿದರೆ, ನೀನು ಒಳ್ಳೆಯವರ ಜೊತೆಯಲ್ಲಿದ್ದೀಯೆ. ಡೆನ್ಮಾರ್ಕಿನ ವ್ಯಾಕರಣಕಾರ ಒಟೊ ಯೆಸ್ಪರ್ಸನ್ 1924ರಲ್ಲೇ ಈ ಆಕ್ಷೇಪ ಎತ್ತಿದ್ದ. 2002ರಲ್ಲಿ ಬಂದ ಕೇಂಬ್ರಿಡ್ಜಿನ ದೊಡ್ಡ ಇಂಗ್ಲಿಷ್ ವ್ಯಾಕರಣವಂತೂ ‘ಆಫ್ಟರ್’, ‘ಬಿಫೋರ್’, ‘ಬಿಕಾಸ್’ ಎಲ್ಲವನ್ನೂ ಪ್ರಿಪೊಸಿಷನ್ ಎಂದೇ ಕರೆಯುತ್ತದೆ. ಪರೀಕ್ಷೆಯಲ್ಲಿ ಹಾಗೆ ಬರೆಯಬೇಡ, ಅಂಕ ಹೋಗುತ್ತದೆ. ಆದರೆ ಈ ಹೆಸರುಗಳು ಕಲ್ಲಿನಲ್ಲಿ ಕೊರೆದವಲ್ಲ ಎಂಬುದು ನಿನಗೆ ತಿಳಿದಿರಲಿ.

‘ಇಫ್’ ವಿಷಯಕ್ಕೆ ಬರುತ್ತೇನೆ. ನೀನು ಹೆಚ್ಚು ಎಡವಿರುವುದು ಅಲ್ಲಿ. ‘ಇಫ್ ಹಿ ಕಮ್ಸ್, ಐ ವಿಲ್ ಆಸ್ಕ್ ಹಿಮ್’ ಎಂಬುದರಲ್ಲಿ ಅವನು ಬಂದರೆ ಎಂಬ ಷರತ್ತು ಇದೆ. ‘ಐ ಡೋಂಟ್ ನೋ ಇಫ್ ಹಿ ವಿಲ್ ಕಮ್’ ಎಂಬುದರಲ್ಲಿ ಷರತ್ತೇ ಇಲ್ಲ; ಅವನು ಬರುತ್ತಾನೋ ಇಲ್ಲವೋ ಎಂಬ ಅನುಮಾನವಷ್ಟೇ. ‘ಇಫ್’ ತೆಗೆದು ‘ವೆದರ್’ ಹಾಕು. ಎರಡನೆಯದರಲ್ಲಿ ಸಲೀಸಾಗಿ ಕೂರುತ್ತದೆ, ಮೊದಲನೆಯದರಲ್ಲಿ ಕೂರುವುದಿಲ್ಲ.

ಈಗ ಆ ಎರಡರ ಕ್ರಿಯಾಪದಗಳನ್ನು ಹತ್ತಿರದಿಂದ ನೋಡು. ಮೊದಲನೆಯದು ನಾಳೆಯ ಮಾತೇ ಆದರೂ ‘ಕಮ್ಸ್’ ಎಂದಿದೆ. ಎರಡನೆಯದರಲ್ಲಿ ‘ವಿಲ್ ಕಮ್’. ಕಾಲವನ್ನೋ ಷರತ್ತನ್ನೋ ಹೇಳುವ ಅಡ್ವರ್ಬ್ ಕ್ಲಾಜ್ ಒಳಗೆ ಭವಿಷ್ಯ ತೋರಿಸಲು ಇಂಗ್ಲಿಷ್ ಸಾಮಾನ್ಯವಾಗಿ ‘ವಿಲ್’ ಬಳಸುವುದಿಲ್ಲ. ನಾಮಪದದ ಕೆಲಸ ಮಾಡುವ ಉಪವಾಕ್ಯದಲ್ಲಿ ಅದಕ್ಕೆ ಅಡ್ಡಿಯಿಲ್ಲ. ‘ಟೆಲ್ ಮಿ ವೆನ್ ಹಿ ಕಮ್ಸ್’ ಎಂದರೆ ಅವನು ಬಂದಾಗ ನನಗೆ ಹೇಳು. ‘ಟೆಲ್ ಮಿ ವೆನ್ ಹಿ ವಿಲ್ ಕಮ್’ ಎಂದರೆ ಅವನು ಯಾವಾಗ ಬರುತ್ತಾನೆ ಹೇಳು. ಒಂದು ಸಣ್ಣ ‘ವಿಲ್’ ಉಪವಾಕ್ಯದ ಜಾತಿಯನ್ನೇ ಬದಲಿಸಿತು. ‘ಇಫ್ ಯು ವಿಲ್ ವೇಟ್ ಎ ಮೊಮೆಂಟ್’ ಎಂದು ಯಾರಾದರೂ ಹೇಳಿದರೆ ಗಾಬರಿಯಾಗಬೇಡ. ಅಲ್ಲಿ ‘ವಿಲ್’ ಹೇಳುತ್ತಿರುವುದು ದಯವಿಟ್ಟು ಕಾಯಲು ಒಪ್ಪುವಿರಾದರೆ ಎಂಬ ಸೌಜನ್ಯವನ್ನು, ನಾಳೆಯನ್ನಲ್ಲ.

ಅಡ್ವರ್ಬ್ ಕ್ಲಾಜ್ ಆಗಿದ್ದರೆ ಅದನ್ನು ಎತ್ತಿ ವಾಕ್ಯದ ಮುಂದಕ್ಕೂ ಹಿಂದಕ್ಕೂ ಇಡಬಹುದು ಎಂಬ ಪರೀಕ್ಷೆಯನ್ನೂ ಹೇಳಿಕೊಡುತ್ತಾರೆ. ಒಳ್ಳೆಯ ಪರೀಕ್ಷೆಯೇ. ‘ಶಿ ಸ್ಮೈಲ್ಡ್ ದೋ ಶಿ ವಾಸ್ ಟೈರ್ಡ್’ ಎಂಬುದನ್ನು ‘ದೋ ಶಿ ವಾಸ್ ಟೈರ್ಡ್, ಶಿ ಸ್ಮೈಲ್ಡ್’ ಎನ್ನಬಹುದು. ಮುಂದೆ ಇಟ್ಟಾಗ ಅಲ್ಪವಿರಾಮ ಹಾಕಬೇಕು, ಹಿಂದೆ ಇದ್ದಾಗ ಹೆಚ್ಚಾಗಿ ಬೇಕಿಲ್ಲ. ಆದರೆ ಎಲ್ಲಕ್ಕೂ ಇದು ನಡೆಯುವುದಿಲ್ಲ. ‘ಶಿ ರನ್ಸ್ ಫಾಸ್ಟರ್ ದ್ಯಾನ್ ಐ ಡು’ ಎಂಬುದರ ‘ದ್ಯಾನ್ ಐ ಡು’ ಕೂಡ ಅಡ್ವರ್ಬ್ ಕ್ಲಾಜ್, ಹೋಲಿಕೆಯದು. ಅದನ್ನು ಮುಂದೆ ತರಲು ನೋಡು, ವಾಕ್ಯ ಕುಸಿದು ಬೀಳುತ್ತದೆ. ‘ಹಿ ವಾಸ್ ಸೋ ಟೈರ್ಡ್ ದ್ಯಾಟ್ ಹಿ ಫೆಲ್ ಅಸ್ಲೀಪ್’ ಎಂಬಲ್ಲಿಯೂ ಅಷ್ಟೇ. ಹೋಲಿಕೆಯಲ್ಲಿ ಕನ್ನಡವೂ ಕೈಕೊಡುತ್ತದೆ ಎಂಬುದನ್ನು ಮುಚ್ಚಿಡುವುದಿಲ್ಲ: ನಾವು ‘ನನಗಿಂತ’ ಎಂದು ಒಂದೇ ಪದದಲ್ಲಿ ಮುಗಿಸುತ್ತೇವೆ, ಅಲ್ಲಿ ಉಪವಾಕ್ಯದ ಸುಳಿವೇ ಸಿಗುವುದಿಲ್ಲ. ‘ದ್ಯಾನ್’ ಆದಮೇಲೆ ಕರ್ತೃ, ಕ್ರಿಯಾಪದ ಎರಡೂ ಇವೆಯೇ ಎಂದು ಕಣ್ಣಾರೆ ನೋಡುವುದೊಂದೇ ದಾರಿ.

‘ಆಸ್’ ಮತ್ತು ‘ಸಿನ್ಸ್’ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಎರಡೂ ಕಾಲವನ್ನೂ ಹೇಳುತ್ತವೆ, ಕಾರಣವನ್ನೂ ಹೇಳುತ್ತವೆ. ಹೇಗಿದ್ದರೂ ಅಡ್ವರ್ಬ್ ಕ್ಲಾಜ್ ಎಂಬುದು ಬದಲಾಗುವುದಿಲ್ಲ, ಒಳಗಿನ ವಿಂಗಡಣೆ ಮಾತ್ರ ಬದಲಾಗುತ್ತದೆ. ಇನ್ನೊಂದು ಬಗೆಯದಕ್ಕೆ ಟೋಪಿಯೇ ಇರುವುದಿಲ್ಲ: ‘ಹ್ಯಾಡ್ ಐ ನೋನ್, ಐ ವುಡ್ ಹ್ಯಾವ್ ಕಮ್.’ ‘ಇಫ್’ ಎಲ್ಲೂ ಇಲ್ಲ, ‘ಹ್ಯಾಡ್’ ಕರ್ತೃವಿಗಿಂತ ಮುಂದೆ ಬಂದು ಆ ಜಾಗ ತುಂಬಿದೆ. ‘ಗೊತ್ತಿದ್ದರೆ ಬರುತ್ತಿದ್ದೆ’ ಎಂದು ಮನಸ್ಸಿನಲ್ಲಿ ಹೇಳಿಕೊಂಡರೆ ‘-ಅರೆ’ ಎದ್ದು ಕಾಣುತ್ತದೆ. ಪಟ್ಟಿಯನ್ನು ಮಾತ್ರ ನಂಬಿದವರಿಗೆ ಇದು ಕಣ್ಣಿಗೇ ಬೀಳುವುದಿಲ್ಲ.

ಒಂದು ಎಚ್ಚರಿಕೆ. ‘ಆಲ್ದೋ ಇಟ್ ರೇನ್ಡ್, ಬಟ್ ವಿ ಪ್ಲೇಡ್’ ಎಂದು ಬರೆದಿದ್ದೀಯೆ. ‘ಆಲ್ದೋ’ ಒಂದು ಕಡೆಯನ್ನು ಆಗಲೇ ಅಧೀನ ಮಾಡಿದೆ; ‘ಬಟ್’ ಎರಡನ್ನೂ ಸಮಾನವಾಗಿ ಕೂರಿಸಲು ಬರುತ್ತದೆ. ಒಂದನ್ನು ಬಿಡಲೇಬೇಕು. ‘ಬಿಕಾಸ್’ ಹಾಕಿ ಮುಂದೆ ‘ಸೋ’ ಹಾಕುವುದೂ ಇದೇ ಗೋತ್ರದ ತಪ್ಪು.

ಇನ್ನು, ನನಗೆ ಬಹಳ ಇಷ್ಟವಾದ ಒಂದು ತೊಡಕು. ‘ಐ ಡಿಡ್ ನಾಟ್ ಗೋ ಬಿಕಾಸ್ ಶಿ ವಾಸ್ ದೇರ್.’ ಅಡ್ವರ್ಬ್ ಕ್ಲಾಜ್ ಯಾವುದೆಂದು ಹೇಳುವುದು ಇಲ್ಲಿ ಸುಲಭ. ಆದರೆ ಹೇಳಿದವನು ಹೋಗಿದ್ದನೋ ಇಲ್ಲವೋ? ಅವಳು ಅಲ್ಲಿದ್ದುದರಿಂದ ನಾನು ಹೋಗಲಿಲ್ಲ ಎಂದೂ ಓದಬಹುದು, ಅವಳಿದ್ದಾಳೆಂಬ ಕಾರಣಕ್ಕೆ ನಾನು ಹೋದದ್ದಲ್ಲ ಎಂದೂ ಓದಬಹುದು. ಮೊದಲನೆಯದರಲ್ಲಿ ಮನೆಯಲ್ಲೇ ಉಳಿದ, ಎರಡನೆಯದರಲ್ಲಿ ಹೋಗಿ ಬಂದಿದ್ದಾನೆ! ‘ನಾಟ್’ ತನ್ನ ಪಕ್ಕದ ಕ್ರಿಯಾಪದವನ್ನಷ್ಟೇ ಅಲ್ಲಗಳೆಯುತ್ತಿದೆಯೋ, ‘ಬಿಕಾಸ್’ ಹೇಳುವ ಕಾರಣವನ್ನೋ ಎಂಬುದರ ಮೇಲೆ ಎಲ್ಲವೂ ನಿಂತಿದೆ. ನಮ್ಮಲ್ಲಿ ‘ಇಲ್ಲ’ ಬೇರೆ, ‘ಅಲ್ಲ’ ಬೇರೆ, ಆದ್ದರಿಂದ ‘ಹೋಗಲಿಲ್ಲ’ ಮತ್ತು ‘ಹೋದದ್ದಲ್ಲ’ ಎಂದು ಬಿಡಿಸಿ ಹೇಳುತ್ತೇವೆ. ಇಂಗ್ಲಿಷ್ ಬರೆಯುವಾಗ ಮೊದಲ ಅರ್ಥ ಬೇಕಿದ್ದರೆ ‘ಬಿಕಾಸ್ ಶಿ ವಾಸ್ ದೇರ್’ ಎಂಬುದನ್ನು ಮುಂದಕ್ಕೆ ತಂದುಬಿಡು; ಆಗ ಸಂದೇಹಕ್ಕೆ ಎಡೆಯಿಲ್ಲ. ಉಪವಾಕ್ಯವನ್ನು ಎಲ್ಲಿಡಬೇಕು ಎಂಬುದು ಅಲಂಕಾರದ ಮಾತಲ್ಲ ಎಂದು ನಾನು ಹೇಳುವುದು ಇಂಥವನ್ನು ನೋಡಿಯೇ.

ಹಾಳೆಯನ್ನು ತಿದ್ದಿ ಕಳುಹಿಸುವಾಗ ಈ ಒಂದು ವಾಕ್ಯವನ್ನೂ ಬಿಡಿಸಿ ಬರೆ: ‘ವೆನ್ ಯು ಸೀ ದಿ ಡಾಕ್ಟರ್, ಟೆಲ್ ಹರ್ ವೇರ್ ಇಟ್ ಹರ್ಟ್ಸ್ ಅಂಡ್ ಇಫ್ ಇಟ್ ಗೆಟ್ಸ್ ವರ್ಸ್ ವೆನ್ ಯು ವಾಕ್.’ ಎರಡು ‘ವೆನ್’, ಒಂದು ‘ವೇರ್’, ಒಂದು ‘ಇಫ್’. ನಾಲ್ಕರಲ್ಲಿ ಅಡ್ವರ್ಬ್ ಕ್ಲಾಜ್ ಯಾವುವು, ಅವುಗಳಲ್ಲಿ ಯಾವುದು ಇನ್ನೊಂದು ಉಪವಾಕ್ಯದ ಹೊಟ್ಟೆಯೊಳಗೆ ಕೂತಿದೆ ಎಂದು ಹೇಳು. ಮೊದಲು ಕನ್ನಡದಲ್ಲಿ ಹೇಳಿಕೋ, ಆಮೇಲೆ ಗೆರೆ ಎಳೆ.

ಪ್ರೀತಿಯಿಂದ,
ಅಮ್ಮ